ಹಗುರ ಮ್ಯಾಗ್ನಂ ರೈಫಲ್‌ಗೆ ತೋಟಾ ನಾವೇ ತುಂಬೋವಾಗ ಒದೆ ಕಮ್ಮಿ ಮಾಡೋದು ಹೇಗೆ?

ತೆಳುನಳಿಗೆ:
ಎಲ್ರಿಗೂ ನಮಸ್ಕಾರ. ನನ್ನ ಹತ್ರ ಇರೋದು .300 ವಿಂಚೆಸ್ಟರ್ ಮ್ಯಾಗ್ನಂ, ಪೆನ್ಸಿಲ್ ಥರ ತೆಳು ಬ್ಯಾರೆಲ್, ಸಿಂಥೆಟಿಕ್ ಸ್ಟಾಕ್, ಸ್ಕೋಪು, ಹೆಗಲಿಗೆ ಹಾಕೋ ಬೆಲ್ಟು ಎಲ್ಲ ಸೇರಿ ಮೂರೇ ಕೆಜಿ. ಬೆಟ್ಟ ಹತ್ತೋವಾಗ ಇಂಥ ಸುಖ ಬೇರೆ ಇಲ್ಲ, ಆದ್ರೆ ಬೆಂಚ್ ಮೇಲೆ ಕೂತು ಟ್ರಿಗ್ಗರ್ ಎಳೆದ್ರೆ ಭುಜ ಕಿತ್ಕೊಂಡು ಹೋಗೋ ಹಾಗೆ ಒದೆಯತ್ತೆ. ನಾನೇ ತುಂಬೋದು, 180 ಗ್ರೇನ್ ಗುಂಡು, ನಿಧಾನವಾಗಿ ಉರಿಯೋ ಪೌಡರ್, ಮ್ಯಾನ್ಯುಯಲ್‌ನ ಮ್ಯಾಕ್ಸಿಮಮ್‌ಗಿಂತ ಸ್ವಲ್ಪ ಕೆಳಗೆ. ಮೊದಲ ಎರಡು ಗುಂಡು ಹತ್ತಿರ ಹತ್ತಿರ ಬೀಳತ್ತೆ, ಮೂರನೇದು ಎಲ್ಲೋ ಹೋಗತ್ತೆ, ಅದು ಬ್ಯಾರೆಲ್ ಬಿಸಿಯಾಗಿದ್ದಕ್ಕೋ ನಾನು ಬೆಚ್ಚಿ ಬಿದ್ದಿದ್ದಕ್ಕೋ ಗೊತ್ತಾಗ್ತಿಲ್ಲ. ರೈಫಲ್ ಮಾರೋ ಮನಸ್ಸಿಲ್ಲ. ಲೋಡ್ ಬದಲಾಯಿಸಿ ಇದನ್ನ ಹತೋಟಿಗೆ ತರಬಹುದಾ, ಇಲ್ಲಾ ತೂಕ ಸೇರಿಸ್ಬೇಕಾ, ನಳಿಗೆ ತುದಿಗೆ ಬ್ರೇಕ್ (ಗ್ಯಾಸ್ ತಿರುಗಿಸಿ ಒದೆ ತಗ್ಗಿಸೋ ಸಾಧನ) ಹಾಕಿಸ್ಬೇಕಾ? ನಾನು ಹೊಡೆಯೋದು ಹೆಚ್ಚಂದ್ರೆ ಮುನ್ನೂರು ಗಜದೊಳಗೆ, ಅದಕ್ಕಿಂತ ದೂರ ಇದ್ರೆ ಹತ್ತಿರ ಹೋಗೋಕೆ ನೋಡ್ತೀನಿ ಇಲ್ಲಾ ಬಿಟ್ಟುಬಿಡ್ತೀನಿ.

ಲೆಕ್ಕದಕಡತ:
ಸರ್, ಮೊದಲು ಒದೆ ಎಲ್ಲಿಂದ ಬರ್ತಿದೆ ಅಂತ ಲೆಕ್ಕ ಹಾಕಿ ನೋಡೋಣ, ಆಮೇಲೆ ಯಾವ ದಾರಿ ಅಂತ ತಾನಾಗೇ ಗೊತ್ತಾಗತ್ತೆ.

ರೈಫಲ್ ಹಿಂದಕ್ಕೆ ಬರೋ ಮೊಮೆಂಟಮ್ ಅಂದ್ರೆ ಮುಂದಕ್ಕೆ ಹೋಗಿದ್ದೆಲ್ಲದರ ಮೊಮೆಂಟಮ್. ಮುಂದೆ ಹೋಗೋದು ಗುಂಡು ಒಂದೇ ಅಲ್ಲ, ಉರಿದ ಪೌಡರ್ ಗ್ಯಾಸ್ ಆಗಿ ಅದೂ ಹೋಗತ್ತೆ, ಅದೂ ಗುಂಡಿಗಿಂತ ಜೋರಾಗಿ. ಹೈ ಪವರ್ ರೈಫಲ್‌ಗೆ ಸಾಮಿ (ತೋಟಾ ಮತ್ತು ಬಂದೂಕಿನ ಮಾನದಂಡ ಇಡೋ ಅಮೆರಿಕನ್ ಸಂಸ್ಥೆ) ಲೆಕ್ಕದಲ್ಲಿ ಗ್ಯಾಸಿನ ವೇಗ ಗುಂಡಿನ ವೇಗದ 1.75 ಪಟ್ಟು ಅಂತ ಹಿಡೀತಾರೆ. ನಿಮ್ಮ ಲೋಡ್ ಅಂದಾಜಿಗೆ ಹೀಗಿದೆ ಅಂದ್ಕೊಳ್ಳಿ: 180 ಗ್ರೇನ್ ಅಂದ್ರೆ 11.66 ಗ್ರಾಂ ಗುಂಡು, 2950 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಅಡಿ) ಅಂದ್ರೆ ಸೆಕೆಂಡಿಗೆ ಸುಮಾರು 899 ಮೀಟರ್, ಪೌಡರ್ 72 ಗ್ರೇನ್ ಅಂದ್ರೆ 4.67 ಗ್ರಾಂ (ಇದು ಲೆಕ್ಕಕ್ಕೆ ಹಿಡಿದ ಅಂಕಿ ಅಷ್ಟೇ, ಲೋಡ್ ಡೇಟಾ ಅಲ್ಲ, ಯಾರೂ ಇದನ್ನ ನೋಡಿ ತುಂಬಬೇಡಿ). ಗುಂಡಿನ ಪಾಲು 10.5, ಗ್ಯಾಸಿನ ಪಾಲು 7.3, ಒಟ್ಟು 17.8. ಅಂದ್ರೆ ನಿಮ್ಮ ಭುಜಕ್ಕೆ ಬೀಳೋ ಏಟಲ್ಲಿ ಐದರಲ್ಲಿ ಎರಡು ಪಾಲು ಬರೀ ಪೌಡರ್‌ದು!

ಮೂರು ಕೆಜಿ ರೈಫಲ್‌ಗೆ ಇದು 53 ಜೂಲ್ ಆಗತ್ತೆ. ಅದೇ ತೋಟಾನ 3.9 ಕೆಜಿ ರೈಫಲ್‌ನಲ್ಲಿ ಹೊಡೆದ್ರೆ 41 ಜೂಲ್. ಸಾಮಾನ್ಯ ತೂಕದ .30-06 ರೈಫಲ್, ಅಂದ್ರೆ 3.6 ಕೆಜಿ, 180 ಗ್ರೇನ್ ಗುಂಡು, ಅದು 30 ಜೂಲ್ ಹತ್ರ ಬರತ್ತೆ. ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಸ್ಟಾಕ್ ಒಳಗೆ 300 ಗ್ರಾಂ ತೂಕ ಸೇರಿಸಿದ್ರೆ 53 ಇದ್ದಿದ್ದು 48 ಆಗತ್ತೆ. ತೂಕ ಮುಟ್ಟದೆ 150 ಗ್ರೇನ್ ಗುಂಡಿಗೆ ಇಳಿದು, 2900 ಎಫ್‌ಪಿಎಸ್‌ಗೆ ಹಿಡಿದು, ಸ್ವಲ್ಪ ಬೇಗ ಉರಿಯೋ ಪೌಡರ್‌ನಿಂದ 60 ಗ್ರೇನ್ ಆಸುಪಾಸಲ್ಲಿ ಕೆಲಸ ಮುಗಿಸಿದ್ರೆ 36 ಜೂಲ್. ಅಂದ್ರೆ ಮೂರರಲ್ಲಿ ಒಂದು ಭಾಗ ಒದೆ ಹೋಯ್ತು, ಬೆಟ್ಟ ಹತ್ತೋಕೆ ಒಂದು ಗ್ರಾಂ ಕೂಡ ಜಾಸ್ತಿ ಹೊರಲಿಲ್ಲ.

ಜೂಲ್ ಒಂದೇ ನೋಡ್ಬೇಡಿ, ರೈಫಲ್ ಹಿಂದೆ ಬರೋ ವೇಗಾನೂ ನೋಡಿ. ನಿಮ್ಮದು ಈಗ ಸೆಕೆಂಡಿಗೆ ಹತ್ತಿರ ಹತ್ತಿರ 6 ಮೀಟರ್ ಬರ್ತಿದೆ, ಆ .30-06 ಬರೋದು 4ರ ಸುಮಾರು. ಹಗುರ ರೈಫಲ್‌ನ ಏಟು ಚುರುಕಾಗಿ, ಚಾಟಿ ಏಟಿನ ಹಾಗೆ ಅನ್ಸೋದು ಈ ವೇಗದಿಂದಾನೇ.

ಪೂರ್ತಿಲೋಡ್:
ಲೆಕ್ಕ ಎಲ್ಲ ಸರಿ ಗುರು, ಆದ್ರೆ 150 ಗ್ರೇನ್ 2900ಕ್ಕೆ ಅಂದ್ರೆ ಅದು .30-06 ಫ್ಯಾಕ್ಟರಿ ತೋಟಾದ ವೇಗ. ಹಾಗಾದ್ರೆ ಮ್ಯಾಗ್ನಂ ಯಾಕೆ ತಗೋಬೇಕಿತ್ತು? 1963ರಲ್ಲಿ ವಿಂಚೆಸ್ಟರ್‌ನವರು ಇದನ್ನ ತಂದಿದ್ದೇ ಹೆಚ್ಚು ವೇಗಕ್ಕೆ. ಪೂರ್ತಿ ತುಂಬಿ, ಬ್ರೇಕ್ ಹಾಕಿ, ಒಳ್ಳೇ ರಿಕಾಯಿಲ್ ಪ್ಯಾಡ್ ಹಾಕಿ, ಅಭ್ಯಾಸ ಮಾಡಿ. ಒಳಗಿರೋ ಶಕ್ತಿನ ಬಳಸದೆ ಬರೀ ಉದ್ದ ಆಕ್ಷನ್ ಹೊತ್ಕೊಂಡು ತಿರುಗೋದ್ರಲ್ಲಿ ಅರ್ಥ ಇಲ್ಲ ಅಂತ ನನ್ನ ಅಭಿಪ್ರಾಯ.

ಹಿತ್ತಾಳೆಮನೆ:
ಪೂರ್ತಿಲೋಡ್ ಅಣ್ಣ, ಅರ್ಥ ಇದೆ. ಅವರು ಮುನ್ನೂರು ಗಜದೊಳಗೆ ಹೊಡೀತೀನಿ ಅಂತ ಮೊದಲೇ ಹೇಳಿದ್ದಾರೆ. ಇನ್ನೂರು ಗಜಕ್ಕೆ ಜೀರೋ ಇಟ್ರೆ (ಅಂದ್ರೆ ಆ ದೂರದಲ್ಲಿ ಗುರಿ ಇಟ್ಟಲ್ಲೇ ಗುಂಡು ಬೀಳೋ ಹಾಗೆ ಸ್ಕೋಪ್ ಹೊಂದಿಸಿದ್ರೆ), ಮುನ್ನೂರಲ್ಲಿ ಈ ಎರಡು ಲೋಡಿನ ಗುಂಡು ಕೆಳಗೆ ಬೀಳೋದ್ರಲ್ಲಿ ವ್ಯತ್ಯಾಸ ಒಂದೆರಡು ಇಂಚು. ಬೆಚ್ಚಿ ಬಿದ್ದು ಟ್ರಿಗ್ಗರ್ ಕಿತ್ತರೆ ಆಗೋ ತಪ್ಪು ಅದೇ ದೂರದಲ್ಲಿ ಒಂದು ಅಡಿ. ಪ್ರಾಣಿ ಗಾಯ ಆಗಿ ಓಡಿ ಹೋಗೋದು ಆ ಒಂದು ಅಡಿಯಿಂದ, ಕಮ್ಮಿ ಆದ ವೇಗದಿಂದ ಅಲ್ಲ. ರೈಫಲ್ ಹೆಸರಲ್ಲಿ ಮ್ಯಾಗ್ನಂ ಇದೆ ಅಂತ ತೋಟಾ ಕೂಡ ತುದಿವರೆಗೂ ತುಂಬಲೇಬೇಕು ಅನ್ನೋದು ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲ, ನಾವೇ ತುಂಬೋದ್ರ ದೊಡ್ಡ ಲಾಭಾನೇ ಇದು, ನಮಗೆ ಬೇಕಾದಷ್ಟೇ ತುಂಬಬಹುದು.

ಆದ್ರೆ ತೆಳುನಳಿಗೆ ಅವರೇ, ಇಲ್ಲೊಂದು ವಿಷಯ ತುಂಬಾ ಗಮನ ಇಟ್ಟು ಓದಿ. ಒದೆ ಕಮ್ಮಿ ಮಾಡ್ಬೇಕು ಅಂತ ಈಗ ಬಳಸ್ತಿರೋ ನಿಧಾನ ಪೌಡರ್‌ನೇ ಮ್ಯಾನ್ಯುಯಲ್‌ನ ಸ್ಟಾರ್ಟಿಂಗ್ ಲೋಡ್‌ಗಿಂತ ಕೆಳಗೆ ಇಳಿಸ್ಬೇಡಿ. ಕಮ್ಮಿ ಮದ್ದು ಅಂದ್ರೆ ಕಮ್ಮಿ ಅಪಾಯ ಅಂತ ಅನ್ಸತ್ತೆ, ಅದು ಹಾಗಲ್ಲ. ದೊಡ್ಡ ಕೇಸಿನೊಳಗೆ (ತೋಟಾದ ಹಿತ್ತಾಳೆ ಕವಚ) ನಿಧಾನ ಪೌಡರ್ ಅರ್ಧಂಬರ್ಧ ಇದ್ರೆ ಅದು ಅಡ್ಡ ಮಲಗತ್ತೆ, ತಳದಲ್ಲಿ ಕಿಡಿ ಕೊಡೋ ಪ್ರೈಮರ್‌ನ ಬೆಂಕಿ ಮೇಲಿಂದ ಹಾದು ಹೋಗತ್ತೆ, ಒಂದೇ ಸಮ ಹತ್ತಲ್ಲ. ಕೆಲವು ಸಲ ಟ್ರಿಗ್ಗರ್ ಎಳೆದ ಮೇಲೆ ತಡವಾಗಿ ಸಿಡಿಯತ್ತೆ, ಅಪರೂಪಕ್ಕೆ ಒತ್ತಡ ವಿಪರೀತ ಏರಿ ರೈಫಲ್ಲೇ ಒಡೆದು ಹೋಗಿರೋದೂ ಇದೆ. ಗುಂಡು ಒಮ್ಮೆ ಹೊರಟು ರೈಫ್ಲಿಂಗ್‌ನಲ್ಲಿ (ನಳಿಗೆ ಒಳಗಿನ ತಿರುವು ಗೆರೆಗಳು) ನಿಂತು, ಅದರ ಹಿಂದೆ ಪೌಡರ್ ಜೋರಾಗಿ ಹತ್ತಿಕೊಳ್ಳೋದ್ರಿಂದ ಅಂತ ಒಂದು ವಿವರಣೆ ಇದೆ. ವಿವರಣೆ ಏನೇ ಇರಲಿ, ಪೌಡರ್ ಕಂಪನಿಗಳೇ ಕನಿಷ್ಠಕ್ಕಿಂತ ಕೆಳಗೆ ಹೋಗ್ಬೇಡಿ ಅಂತ ಬರೀತಾರೆ. ಖಾಲಿ ಜಾಗ ತುಂಬೋಕೆ ಹತ್ತಿ, ಡೇಕ್ರಾನ್ ತುರುಕೋ ಹಳೇ ಅಭ್ಯಾಸಾನೂ ಬೇಡ.

ಕಮ್ಮಿ ವೇಗ ಬೇಕಂದ್ರೆ ಪೌಡರ್ರೇ ಬೇರೆ ಇರಬೇಕು. ಮ್ಯಾನ್ಯುಯಲ್ ತೆಗೆದು ನಿಮ್ಮ ತೋಟಾ, ನಿಮ್ಮ ಗುಂಡಿನ ತೂಕದ ಪುಟ ನೋಡಿ, ಪಟ್ಟಿಯಲ್ಲಿ ಎಲ್ಲಕ್ಕಿಂತ ಬೇಗ ಉರಿಯೋ ಒಂದೆರಡು ಪೌಡರ್ ಇರತ್ತೆ, ಚಾರ್ಜ್ ತೂಕ ಕಮ್ಮಿ, ಮೇಲಿನ ವೇಗಾನೂ ಸ್ವಲ್ಪ ಕಮ್ಮಿ. ಅಲ್ಲಿ ಸ್ಟಾರ್ಟಿಂಗ್ ಲೋಡ್‌ನಿಂದ ಶುರು ಮಾಡಿ ಅಲ್ಲೇ ಹತ್ತಿರದಲ್ಲೇ ನಿಂತುಬಿಡಿ, ಅಷ್ಟೇ. ಇನ್ನೂ ಮೆತ್ತಗೆ ಬೇಕು, ಬರೀ ಅಭ್ಯಾಸಕ್ಕೆ ಅಂದ್ರೆ ಹಾಡ್ಜ್‌ಡನ್ ಕಂಪನಿ ಎಚ್4895ಗೆ ಒಂದು ನಿಯಮ ಕೊಟ್ಟಿದೆ: ಆ ತೋಟಾಕ್ಕೆ, ಆ ಗುಂಡಿಗೆ ಅವರ ಡೇಟಾದಲ್ಲಿ ಎಚ್4895 ಇದ್ರೆ ಮಾತ್ರ, ಅದರ ಮ್ಯಾಕ್ಸಿಮಮ್‌ನ ಶೇಕಡಾ 60ರವರೆಗೂ ಇಳೀಬಹುದು, ಅದಕ್ಕಿಂತ ಕೆಳಗಿಲ್ಲ. ಇದು ಆ ಒಂದು ಪೌಡರ್‌ಗೆ ಹೇಳಿರೋದು. ಹೆಸರಲ್ಲಿ 4895 ಇರೋ ಬೇರೆ ಕಂಪನಿ ಡಬ್ಬ ತಂದು ಇದೇ ನಿಯಮ ಹಚ್ಚಬೇಡಿ.

ತೆಳುನಳಿಗೆ:
ತುಂಬಾ ಥ್ಯಾಂಕ್ಸ್ ಸರ್. ಕಮ್ಮಿ ಮಾಡಿದ್ರೆ ಸೇಫ್ ಅಂತಾನೇ ಎಲ್ಲ ಕಡೆ ಕೇಳಿದ್ದೆ, ಕಾರಣ ಸಮೇತ ಯಾರೂ ಹೇಳಿರ್ಲಿಲ್ಲ. ಪೌಡರ್ ಬದಲಾಯಿಸಿದ್ರೆ ಮ್ಯಾಗ್ನಂ ಪ್ರೈಮರ್ರೇ ಇರಲಾ ಅಥವಾ ಸಾಮಾನ್ಯ ಲಾರ್ಜ್ ರೈಫಲ್ ಪ್ರೈಮರ್ ಹಾಕ್ಲಾ?

ಹಿತ್ತಾಳೆಮನೆ:
ಮ್ಯಾನ್ಯುಯಲ್‌ನಲ್ಲಿ ಆ ಲೋಡ್‌ಗೆ ಯಾವ ಪ್ರೈಮರ್ ಬರೆದಿದೆಯೋ ಅದೇ. ಮ್ಯಾಗ್ನಂ ಪ್ರೈಮರ್ ಇರೋದು ಜಾಸ್ತಿ ಪ್ರಮಾಣದ ನಿಧಾನ ಪೌಡರ್, ಅದರಲ್ಲೂ ಬಾಲ್ ಪೌಡರ್, ಚೆನ್ನಾಗಿ ಹತ್ತಲಿ ಅಂತ. ತೋಟಾ ಹೆಸರಲ್ಲಿ ಮ್ಯಾಗ್ನಂ ಇದೆ ಅನ್ನೋದಕ್ಕೂ ಪ್ರೈಮರ್ ಡಬ್ಬದ ಮೇಲೆ ಮ್ಯಾಗ್ನಂ ಅಂತ ಇರೋದಕ್ಕೂ ನೇರ ಸಂಬಂಧ ಇಲ್ಲ. ಯಾವುದೇ ಒಂದು ಸಾಮಾನು ಬದಲಾದ್ರೂ, ಪ್ರೈಮರ್ ಆಗ್ಲಿ ಕೇಸ್ ಕಂಪನಿ ಆಗ್ಲಿ ಗುಂಡಾಗ್ಲಿ, ಮತ್ತೆ ಕೆಳಗಿಂದ ಶುರು ಮಾಡಿ.

ಇನ್ನೊಂದು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಈ ತೋಟಾದ ಹಿತ್ತಾಳೆ ಎಷ್ಟು ಸಲ ತುಂಬಿದ್ದೀರಿ? ಪ್ರತಿ ಸಲ ಫುಲ್ ಲೆಂಗ್ತ್ ಡೈ (ಹೊಡೆದ ಕೇಸನ್ನ ಮತ್ತೆ ಅಳತೆಗೆ ತರೋ ಅಚ್ಚು) ಕೆಳಗಿನ ಶೆಲ್ ಹೋಲ್ಡರ್‌ಗೆ ತಾಗೋವರೆಗೂ ಇಳಿಸ್ತೀರಾ?

ತೆಳುನಳಿಗೆ:
ಹೌದು ಸರ್, ಡೈ ಜೊತೆ ಬಂದ ಕಾಗದದಲ್ಲಿ ಹಾಗೇ ಇತ್ತು. ಮೂರ್ನಾಲ್ಕು ಸಲ ತುಂಬಿದ ಕೇಸ್‌ಗಳಿವೆ.

ಹಿತ್ತಾಳೆಮನೆ:
ಹಾಗಾದ್ರೆ ಇವತ್ತೇ ಆ ಕೇಸ್‌ಗಳನ್ನ ತೆಗೆದು ಬೆಳಕಲ್ಲಿ ನೋಡಿ. ಬೆಲ್ಟಿನ (ಕೇಸಿನ ಬುಡದ ಸುತ್ತ ಇರೋ ಉಬ್ಬು ಪಟ್ಟಿ) ಸ್ವಲ್ಪ ಮೇಲೆ, ಸುತ್ತಲೂ ಒಂದು ಹೊಳೆಯೋ ಗೆರೆ ಕಾಣ್ತಿದ್ಯಾ? ಅದೇ ಸಮಸ್ಯೆ.

ಯಾಕೆ ಅಂತ ಹೇಳ್ತೀನಿ. ಬೆಲ್ಟ್ ಬಂದಿದ್ದು ಹಾಲೆಂಡ್ ಅಂಡ್ ಹಾಲೆಂಡ್ ತೋಟಾಗಳ ಕಾಲದಲ್ಲಿ, .375 ಬಂದಿದ್ದು 1912ರಲ್ಲಿ, .300 ಬಂದಿದ್ದು 1925ರಲ್ಲಿ. ಆ ಕೇಸ್‌ಗಳ ಭುಜ (ಕತ್ತಿನ ಕೆಳಗೆ ಕೇಸ್ ಅಗಲ ಆಗೋ ಜಾಗ) ಬಹಳ ಇಳಿಜಾರು, ಅದರ ಮೇಲೆ ಹೆಡ್‌ಸ್ಪೇಸ್ (ಚೇಂಬರ್, ಅಂದ್ರೆ ತೋಟಾ ಕೂರೋ ಜಾಗದಲ್ಲಿ, ತೋಟಾ ಎಷ್ಟು ಮುಂದೆ ಹೋಗಿ ನಿಲ್ಲಬೇಕು ಅನ್ನೋ ಅಳತೆ) ನಿಲ್ಲಲ್ಲ, ಅದಕ್ಕೇ ಬುಡದಲ್ಲಿ ಬೆಲ್ಟ್ ಕೊಟ್ರು. .300 ವಿನ್ ಮ್ಯಾಗ್‌ಗೆ ಚೂಪಾದ ಒಳ್ಳೇ ಭುಜ ಇದೆ, ಬೆಲ್ಟಿನ ಅಗತ್ಯಾನೇ ಇರ್ಲಿಲ್ಲ, ಆದ್ರೂ ಅದೇ ಮನೆತನದ ಹಿತ್ತಾಳೆಯಿಂದ ಹುಟ್ಟಿದ್ದಕ್ಕೆ ಬೆಲ್ಟ್ ಉಳ್ಕೊಂಡಿದೆ. ಈಗ ಏನಾಗತ್ತೆ, ರೈಫಲ್ ಮಾಡೋರು ಬೆಲ್ಟಿನ ಅಳತೆ ಬಿಗಿಯಾಗಿ ಇಡ್ತಾರೆ, ಭುಜದ ಹತ್ರ ಚೇಂಬರ್ ಸಡಿಲ ಬಿಡ್ತಾರೆ. ಮೊದಲ ಸಲ ಹೊಡೆದಾಗ ಕೇಸ್ ಭುಜ ಮುಂದಕ್ಕೆ ಹೋಗಿ ಚೇಂಬರ್‌ಗೆ ಅಂಟತ್ತೆ, ಆ ಉದ್ದ ಎಲ್ಲಿಂದ ಬರತ್ತೆ ಅಂದ್ರೆ ಬೆಲ್ಟಿನ ಮೇಲಿನ ಗೋಡೆ ಎಳೆದು ತೆಳುವಾಗಿ. ನೀವು ಡೈ ಪೂರ್ತಿ ಇಳಿಸಿದಾಗ ಭುಜನ ಮತ್ತೆ ಹಿಂದಕ್ಕೆ ತಳ್ತೀರಿ, ಮತ್ತೆ ಹೊಡೆದಾಗ ಮತ್ತೆ ಎಳೆಯತ್ತೆ. ಮೂರ್ನಾಲ್ಕು ಸುತ್ತು ಆದ್ಮೇಲೆ ಒಂದು ದಿನ ಕೇಸ್ ಎರಡು ತುಂಡು, ಬುಡ ಹೊರಗೆ ಬರತ್ತೆ, ಉಳಿದಿದ್ದು ಚೇಂಬರ್ ಒಳಗೇ. ಬಿಸಿ ಗ್ಯಾಸ್ ಬೋಲ್ಟ್ ಕಡೆಗೆ ನುಗ್ಗೋದು ಬೇರೆ.

ಒಂದು ಗಟ್ಟಿ ತಂತಿ ತಗೊಳ್ಳಿ, ಪೇಪರ್ ಕ್ಲಿಪ್ ನೇರ ಮಾಡಿದ್ರೂ ಸಾಕು, ತುದಿನ ಚೂಪು ಮಾಡಿ ಸಣ್ಣದಾಗಿ ತೊಂಬತ್ತು ಡಿಗ್ರಿ ಬಗ್ಗಿಸಿ. ಕೇಸ್ ಬಾಯಿಂದ ಒಳಗೆ ಬಿಟ್ಟು ತಳ ಮುಟ್ಟಿಸಿ, ಗೋಡೆಗೆ ಒತ್ತಿ ಮೆಲ್ಲಗೆ ಮೇಲಕ್ಕೆ ಎಳೀರಿ. ಒಳ್ಳೇ ಕೇಸಲ್ಲಿ ನುಣ್ಣಗೆ ಜಾರಿಕೊಂಡು ಬರತ್ತೆ. ತೆಳುವಾಗಿರೋದ್ರಲ್ಲಿ ಬೆಲ್ಟಿನ ಮೇಲೆ ಒಂದು ತೋಡಿನಲ್ಲಿ ತುದಿ ಸಿಕ್ಕಿಹಾಕ್ಕೊಂಡ ಹಾಗೆ ಕೈಗೆ ಗೊತ್ತಾಗತ್ತೆ. ಸಿಕ್ಕಿದ್ರೆ ಆ ಕೇಸ್‌ನ ಇಕ್ಕಳದಲ್ಲಿ ಜಜ್ಜಿ ಎಸೀರಿ, ಮತ್ತೆ ತುಂಬೋ ಆಸೆ ಬೇಡ.

ಮುಂದೆ ಮಾಡ್ಬೇಕಾದ್ದು ಇಷ್ಟೇ: ಬೆಲ್ಟ್ ಇದೆ ಅನ್ನೋದನ್ನ ಮರೆತುಬಿಡಿ, ಭುಜದ ಮೇಲೆ ಹೆಡ್‌ಸ್ಪೇಸ್ ಮಾಡಿ. ಕಂಪರೇಟರ್‌ನಲ್ಲಿ (ಭುಜದವರೆಗಿನ ಉದ್ದ ಅಳೆಯೋ ಸಾಧನ) ಹೊಡೆದ ಕೇಸ್ ಅಳೆದು, ಡೈನ ತಿರುಗಿಸಿ ತಿರುಗಿಸಿ ಭುಜ 0.002 ಇಂಚು ಮಾತ್ರ ಹಿಂದೆ ಹೋಗೋ ಹಾಗೆ ಲಾಕ್ ಮಾಡಿ. ಬೇಟೆಗೆ ಒಯ್ಯೋ ತೋಟಾ ಆದ್ರೆ 0.003 ಇದ್ರೂ ಚಿಂತೆ ಇಲ್ಲ, ಬೋಲ್ಟ್ ಸಲೀಸಾಗಿ ಮುಚ್ಚಬೇಕು. ಕೇಸ್ ಆಯಸ್ಸು ಎರಡು ಪಟ್ಟಾದ್ರೂ ಆಗತ್ತೆ.

ಬೆಟ್ಟದಾಚೆ:
ಹಿತ್ತಾಳೆಮನೆ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಇದು ಹಗುರ ರೈಫಲ್ ಇರೋರಿಗೆ ವಿಶೇಷವಾಗಿ. ರೈಫಲ್ ಅಷ್ಟು ವೇಗವಾಗಿ ಹಿಂದೆ ಹೋಗೋವಾಗ ಮ್ಯಾಗಝೀನ್ ಒಳಗಿರೋ ತೋಟಾಗಳು ಇದ್ದಲ್ಲೇ ಇರೋಕೆ ನೋಡತ್ವೆ, ಅಂದ್ರೆ ಮ್ಯಾಗಝೀನ್‌ನ ಮುಂದಿನ ಗೋಡೆ ಬಂದು ಗುಂಡಿನ ಮೂತಿಗೆ ಹೊಡೆಯತ್ತೆ. ಮೆತ್ತನೆ ಸೀಸದ ತುದಿ ಇದ್ರೆ ಚಪ್ಪಟೆ ಆಗತ್ತೆ. ಅದು ಪರ್ವಾಗಿಲ್ಲ, ಗುಂಡು ಕೇಸಿನೊಳಗೆ ಹಿಂದಕ್ಕೆ ಜಾರಿದ್ರೆ ಅದು ತೊಂದರೆ, ಒಳಗಿನ ಜಾಗ ಕಮ್ಮಿಯಾಗಿ ಒತ್ತಡ ಏರಬಹುದು. .300 ವಿನ್ ಮ್ಯಾಗ್‌ನ ಕತ್ತು ಮೊದಲೇ ಗಿಡ್ಡ, 0.264 ಇಂಚು, ಗುಂಡಿನ ವ್ಯಾಸ 0.308ಕ್ಕಿಂತ ಕಮ್ಮಿ, ಹಿಡಿದುಕೊಳ್ಳೋಕೆ ಜಾಗಾನೇ ಇಲ್ಲ.

ನಾನು ಮಾಡೋದು ಹೀಗೆ. ಮಾರ್ಕರ್ ಪೆನ್ ತಗೊಂಡು ಕೇಸ್ ಬಾಯಿ ಗುಂಡಿಗೆ ತಾಗೋ ಜಾಗದಲ್ಲಿ ಗುಂಡಿನ ಮೇಲೆ ತೆಳ್ಳಗೆ ಒಂದು ಸುತ್ತು ಗೆರೆ ಎಳೀತೀನಿ. ಆ ತೋಟಾನ ಮ್ಯಾಗಝೀನ್‌ನ ತಳಕ್ಕೆ ಹಾಕಿ, ಮೇಲಿನವನ್ನೆಲ್ಲ ಹೊಡೆದು, ಕೊನೇಲಿ ಅದನ್ನ ಹೊರಗೆ ತೆಗೆದು ನೋಡ್ತೀನಿ. ಗೆರೆ ಕೇಸ್ ಬಾಯಿ ಒಳಗೆ ಮಾಯ ಆಗಿದ್ರೆ ಗುಂಡು ಜಾರಿದೆ ಅಂತ. ಕ್ಯಾಲಿಪರ್‌ನಲ್ಲಿ ಉದ್ದಾನೂ ಅಳೀತೀನಿ, ತುದಿಯಿಂದ ಅಲ್ಲ, ಓಜೈವ್‌ನಿಂದ (ಗುಂಡಿನ ಮೂತಿಯ ಬಾಗು), ಯಾಕಂದ್ರೆ ತುದಿ ಜಜ್ಜಿ ಹೋಗಿದ್ರೆ ಅಳತೆ ಸುಳ್ಳು ಹೇಳತ್ತೆ. ಜಾರ್ತಿದ್ರೆ ಕತ್ತಿನ ಹಿಡಿತ ಬಿಗಿ ಮಾಡಿ, ಡೈ ಒಳಗೆ ಕತ್ತನ್ನ ಅಗಲ ಮಾಡೋ ಎಕ್ಸ್‌ಪಾಂಡರ್ ಸ್ವಲ್ಪ ಸಣ್ಣದು ಹಾಕಿದ್ರೆ ಆಗತ್ತೆ, ಇಲ್ಲಾಂದ್ರೆ ಗುಂಡಿನ ಮೇಲೆ ತೋಡು ಇದ್ರೆ ಅಲ್ಲಿಗೆ ಹಗುರವಾಗಿ ಕ್ರಿಂಪ್ (ಕೇಸ್ ಬಾಯಿನ ಒಳಕ್ಕೆ ಒತ್ತೋದು). ಕ್ರಿಂಪ್ ಮಾಡೋರು ಎಲ್ಲ ಕೇಸ್ ಒಂದೇ ಉದ್ದಕ್ಕೆ ಟ್ರಿಮ್ ಮಾಡಲೇಬೇಕು, ಇಲ್ಲಾಂದ್ರೆ ಒಂದಕ್ಕೆ ಬಿಗಿ ಒಂದಕ್ಕೆ ಸಡಿಲ.

ಪೂರ್ತಿಲೋಡ್:
ಬೆಟ್ಟದಾಚೆ ಮೇಡಂ, ಈ ಗೆರೆ ಎಳೆಯೋದು ಒಳ್ಳೇ ಉಪಾಯ, ನಾನೂ ಮಾಡ್ತೀನಿ. ಬ್ರೇಕ್ ಬಗ್ಗೆ ಮಾತ್ರ ಯಾರೂ ಏನೂ ಹೇಳ್ಲಿಲ್ಲ. ಗ್ಯಾಸಿನ ಪಾಲು ಐದರಲ್ಲಿ ಎರಡು ಅಂತ ಮೇಲೆ ಲೆಕ್ಕ ಬಂತಲ್ಲ, ಬ್ರೇಕ್ ಅದೇ ಗ್ಯಾಸ್‌ನ ಪಕ್ಕಕ್ಕೂ ಹಿಂದಕ್ಕೂ ತಿರುಗಿಸತ್ತೆ, ಮ್ಯಾಗ್ನಂಗೆ ಅದು ಚೆನ್ನಾಗಿ ಕೆಲಸ ಮಾಡೋದೂ ಅದಕ್ಕೇ. ಪೌಡರ್ ಜಾಸ್ತಿ ಇದ್ದಷ್ಟೂ ಬ್ರೇಕಿಗೆ ಬಲ.

ಬೆಟ್ಟದಾಚೆ:
ಕೆಲಸ ಮಾಡತ್ತೆ, ಅದನ್ನ ನಾನು ಅಲ್ಲಗಳೆಯಲ್ಲ. ನನ್ನ ತಕರಾರು ಕಿವಿದು. ಹಠಾತ್ ಶಬ್ದ 140 ಡೆಸಿಬೆಲ್ ದಾಟಿದ್ರೆ ಒಂದೇ ಸಲಕ್ಕೆ ಕಿವಿ ಹಾಳಾಗಬಹುದು, ಮ್ಯಾಗ್ನಂ ರೈಫಲ್ ಬ್ರೇಕ್ ಇಲ್ಲದೇನೇ 160 ದಾಟತ್ತೆ, ಬ್ರೇಕ್ ಹಾಕಿದ್ರೆ ಆ ಶಬ್ದ ಹೊಡೆಯೋರ ಕಿವಿ ಕಡೆಗೂ ಪಕ್ಕದಲ್ಲಿ ನಿಂತೋರ ಕಡೆಗೂ ತಿರುಗತ್ತೆ. ರೇಂಜ್‌ನಲ್ಲಿ ಒಳಗೆ ಪ್ಲಗ್, ಮೇಲೆ ಮಫ್, ಎರಡೂ ಹಾಕ್ಕೋತೀವಿ ಸರಿ. ಬೇಟೆಯಲ್ಲಿ ಪ್ರಾಣಿ ಎದುರಿಗೆ ಬಂದಾಗ ಎಷ್ಟು ಜನ ಹಾಕ್ಕೋತಾರೆ? ಜೊತೆಗೆ ಬಂದವರ ಗತಿ ಏನು? ಹೋದ ಕಿವಿ ವಾಪಸ್ ಬರಲ್ಲ, ಭುಜದ ನೋವು ನಾಲ್ಕು ದಿನಕ್ಕೆ ಹೋಗತ್ತೆ. ಬ್ರೇಕ್ ಹಾಕಿಸೋದಾದ್ರೆ ಬಿಚ್ಚಿ ಹಾಕೋ ಥರದ್ದು ಹಾಕಿಸಿ, ಅಭ್ಯಾಸಕ್ಕೆ ಇರಲಿ, ಬೇಟೆಗೆ ಬಿಚ್ಚಿಟ್ಟು ಹೋಗಿ. ಆದ್ರೆ ಬಿಚ್ಚಿದಾಗ ಗುಂಡು ಬೀಳೋ ಜಾಗ ಬದಲಾಗತ್ತೆ, ಬಿಚ್ಚಿದ ಮೇಲೆ ಮತ್ತೆ ಜೀರೋ ನೋಡ್ಕೋಬೇಕು. ಸಪ್ರೆಸರ್‌ಗೆ (ಶಬ್ದ ತಗ್ಗಿಸೋ ಕೊಳವೆ) ಕಾನೂನು ಒಪ್ಪೋ ಕಡೆ ಅದು ಇನ್ನೂ ಒಳ್ಳೇದು, ಒದೆ ಮತ್ತು ಶಬ್ದ ಎರಡೂ ಇಳಿಯತ್ತೆ, ತೆಳು ಬ್ಯಾರೆಲ್‌ಗೆ ಥ್ರೆಡ್ ಹಾಕೋಕೆ ತುದಿಯಲ್ಲಿ ದಪ್ಪ ಸಾಕಾಗತ್ತಾ ಅಂತ ಗನ್‌ಸ್ಮಿತ್ ಹತ್ರ ಅಳೆಸಿ.

ಪೂರ್ತಿಲೋಡ್:
ಜೊತೆಯವರ ಕಿವಿ ಮಾತು ಒಪ್ಪಿದೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಲೆಕ್ಕದಕಡತ:
150 ಗ್ರೇನ್ ಅಂತ ನಾನೇ ಹೇಳಿದ್ದೆ, ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು. ಯಾವ 150 ಅನ್ನೋದು ಮುಖ್ಯ. ಸಾಮಾನ್ಯ ಸೀಸ ತಾಮ್ರದ ಹಗುರ ಗುಂಡು ಮ್ಯಾಗ್ನಂ ವೇಗದಲ್ಲಿ ಹತ್ತಿರದಲ್ಲಿ ಮೂಳೆಗೆ ಬಿದ್ರೆ ಪುಡಿಯಾಗಿ ಆಳಕ್ಕೆ ಹೋಗದೇ ಇರಬಹುದು. ವೇಗ 2900ಕ್ಕೆ ಇಳಿಸಿದ್ರೆ ಆ ತೊಂದರೆಯೂ ಸ್ವಲ್ಪ ಇಳಿಯತ್ತೆ. ಬಾಂಡೆಡ್ ಗುಂಡು (ಸೀಸ ತಾಮ್ರದ ಹೊದಿಕೆಗೆ ಅಂಟಿರೋದು) ಅಥವಾ ಪೂರ್ತಿ ತಾಮ್ರದ ಗುಂಡು ಆದ್ರೆ 150ರಲ್ಲೇ ಹಿಂದಿನ 180ರ ಆಳ ಸಿಗತ್ತೆ, ಯಾಕಂದ್ರೆ ತೂಕ ಕಳ್ಕೊಳ್ಳದೆ ಒಳಗೆ ಹೋಗತ್ತೆ. ಒದೆ ಕಮ್ಮಿ ಮಾಡೋರಿಗೆ ತಾಮ್ರದ ಗುಂಡು ನಿಜವಾಗ್ಲೂ ವರ.

ಆದ್ರೆ ತಾಮ್ರ ಸೀಸಕ್ಕಿಂತ ಹಗುರ ಲೋಹ, ಅದೇ ತೂಕಕ್ಕೆ ಗುಂಡು ಉದ್ದ ಆಗತ್ತೆ, ಕೇಸಿನೊಳಗೆ ಜಾಸ್ತಿ ಜಾಗ ತಿನ್ನತ್ತೆ, ಸೀಸದ 150ರ ಡೇಟಾ ತಾಮ್ರದ 150ಕ್ಕೆ ನಡೆಯಲ್ಲ. ಆ ಗುಂಡಿನ ಕಂಪನಿ ಕೊಟ್ಟಿರೋ ಡೇಟಾನೇ ನೋಡಿ. ರೈಫ್ಲಿಂಗ್‌ಗೆ ತಾಗೋ ಹಾಗೆ ಕೂರಿಸ್ಬೇಡಿ, ತಾಮ್ರದ ಗುಂಡು ಸ್ವಲ್ಪ ಹಾರಿ ಹೋಗೋದನ್ನ ಇಷ್ಟ ಪಡತ್ತೆ, 0.050 ಇಂಚು ದೂರದಿಂದ ಶುರು ಮಾಡ್ಬಹುದು. ಮತ್ತೆ ತಾಮ್ರ ಅರಳೋಕೆ ವೇಗ ಬೇಕು, ಬಹಳಷ್ಟು ಗುಂಡಿಗೆ ತಾಗೋ ಹೊತ್ತಲ್ಲಿ 1800ರಿಂದ 2000 ಎಫ್‌ಪಿಎಸ್ ಆದ್ರೂ ಇರಬೇಕು. 2900ರಲ್ಲಿ ಹೊರಟಿದ್ದು ಮುನ್ನೂರು ಗಜದಲ್ಲಿ ಆರಾಮಾಗಿ ಅದರ ಮೇಲೇ ಇರತ್ತೆ. ಎಚ್4895ನ 60 ಪರ್ಸೆಂಟ್ ಲೋಡ್‌ಗೆ ಇದೇ ಗುಂಡು ಹಾಕಿ ಬೇಟೆಗೆ ಹೋದ್ರೆ ಆ ವೇಗ ಬೇಗ ಕೆಳಗಿಳಿಯತ್ತೆ, ಹಾಗಾಗಿ ಅದು ಅಭ್ಯಾಸಕ್ಕೆ ಮಾತ್ರ ಇರಲಿ.

ನಿಶಾನೆ:
ಎಲ್ಲರೂ ತೋಟಾ ಬಗ್ಗೆ ಹೇಳಿದ್ರಿ, ನಾನು ಮೂರನೇ ಗುಂಡಿನ ಬಗ್ಗೆ ಹೇಳ್ತೀನಿ. ಅದು ಬ್ಯಾರೆಲ್ಲಾ ನೀವಾ ಅಂತ ಬೇರೆ ಮಾಡೋದು ಸುಲಭ ಸರ್. ಒಬ್ಬ ಗೆಳೆಯನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ, ರೈಫಲ್‌ನ ಅವನೇ ಲೋಡ್ ಮಾಡಿ ನಿಮಗೆ ಕೊಡಲಿ, ಕೆಲವು ಸಲ ನಿಜವಾದ ತೋಟಾ, ಕೆಲವು ಸಲ ಸ್ನ್ಯಾಪ್ ಕ್ಯಾಪ್ (ಸಿಡಿಯದ ನಕಲಿ ತೋಟಾ), ಯಾವುದು ಅಂತ ನಿಮಗೆ ಗೊತ್ತಿರಬಾರದು. ಸ್ನ್ಯಾಪ್ ಕ್ಯಾಪ್ ಮೇಲೆ ಕ್ಲಿಕ್ ಅಂದಾಗ ನಳಿಗೆ ತುದಿ ಕೆಳಗೆ ಮುಗ್ಗರಿಸಿದ್ರೆ ನೀವೇ. ಅಲ್ಲಾಡದೆ ನಿಂತ್ರೆ ಬ್ಯಾರೆಲ್. ಡಮ್ಮಿ ಅಂತ ಪ್ರೈಮರ್ ಇರೋ ತೋಟಾ ಬಳಸ್ಬೇಡಿ, ಪೌಡರ್ ಪ್ರೈಮರ್ ಎರಡೂ ಇಲ್ಲದ್ದು, ನೋಡಿದ ತಕ್ಷಣ ಬೇರೆ ಅಂತ ಗೊತ್ತಾಗೋ ಬಣ್ಣದ್ದು.

ಬ್ಯಾರೆಲ್ ತೆಳು ಇದ್ರೆ ಎರಡು ಗುಂಡಿಗೇ ಬಿಸಿ ಏರತ್ತೆ, ಮೂರಕ್ಕಿಂತ ಜಾಸ್ತಿ ಒಂದೇ ಸಮ ಹೊಡೆಯೋದ್ರಲ್ಲಿ ಏನೂ ಕಲಿಯೋಕೆ ಸಿಗಲ್ಲ. ಬೋಲ್ಟ್ ತೆಗೆದಿಟ್ಟು, ಕೈಯಲ್ಲಿ ಮುಟ್ಟಿದ್ರೆ ತಣ್ಣಗೆ ಅನ್ಸೋವರೆಗೂ ಬಿಡಿ. ಬೇಟೆಯಲ್ಲಿ ಬೇಕಾಗಿರೋದು ತಣ್ಣಗಿನ ಬ್ಯಾರೆಲ್‌ನ ಮೊದಲ ಗುಂಡು, ಲೋಡ್ ಆರಿಸೋದೂ ಅದನ್ನ ನೋಡಿಯೇ. ಬೇರೆ ಬೇರೆ ದಿನದ ಮೊದಲ ಗುಂಡುಗಳನ್ನೆಲ್ಲ ಒಂದೇ ಟಾರ್ಗೆಟ್ ಕಾಗದದ ಮೇಲೆ ಇಡ್ತಾ ಬನ್ನಿ, ಆ ಕಾಗದ ನಿಜ ಹೇಳತ್ತೆ.

ಹಗುರ ರೈಫಲ್‌ನ ಬೆಂಚ್ ಮೇಲೆ ಬ್ಯಾಗಲ್ಲಿ ಇಟ್ಟು ಸುಮ್ನೆ ಬೆರಳು ತಾಗಿಸಿ ಹೊಡೆದ್ರೆ ಗುಂಡು ಬ್ಯಾರೆಲ್ ಬಿಡೋ ಮೊದಲೇ ರೈಫಲ್ ಕದಲೋಕೆ ಶುರು ಮಾಡಿರತ್ತೆ. ಫೋರೆಂಡ್‌ನ (ಸ್ಟಾಕಿನ ಮುಂಭಾಗ) ಕೈಯಲ್ಲಿ ಹಿಡೀರಿ, ಕೈ ಬ್ಯಾಗ್ ಮೇಲಿರಲಿ, ಬ್ಯಾರೆಲ್ ಯಾವುದಕ್ಕೂ ತಾಗ್ಬಾರ್ದು, ಭುಜಕ್ಕೆ ಗಟ್ಟಿಯಾಗಿ ಒತ್ತಿ. ಬ್ಯಾಗಿನ ಎತ್ತರ ಜಾಸ್ತಿ ಮಾಡ್ಕೊಂಡು ನೆಟ್ಟಗೆ ಕೂತ್ರೆ ಏಟಿನ ಜೊತೆ ಮೈ ಹಿಂದಕ್ಕೆ ಬಾಗತ್ತೆ, ಮುಂದಕ್ಕೆ ಬಗ್ಗಿ ಹೊಡೆದ್ರೆ ಪೂರಾ ಏಟು ಭುಜದ ಮೂಳೆಗೇ. ರೈಫಲ್ ಹಿಂದೆ ಬರದ ಹಾಗೆ ತೂಕ ಹೇರಿ ಬಿಗಿಯೋ ಸ್ಲೆಡ್ ಇದೆಯಲ್ಲ, ಅದನ್ನ ಹಗುರ ಸ್ಟಾಕ್‌ಗೆ ಬಳಸ್ಬೇಡಿ, ಏಟೆಲ್ಲ ಸ್ಟಾಕ್ ಮತ್ತು ಸ್ಕೋಪ್ ಮೌಂಟ್ ಮೇಲೆ ಬಿದ್ದು ಸ್ಟಾಕ್ ಸೀಳತ್ತೆ. ಮತ್ತೆ ಸ್ಕೋಪ್ ಕಣ್ಣಿಂದ ನಾಲ್ಕು ಇಂಚಿನ ಹತ್ರ ದೂರ ಇರಲಿ, ಮೇಲಕ್ಕೆ ಗುರಿ ಇಡೋವಾಗ, ಮಲಗಿ ಹೊಡೆಯೋವಾಗ ಕಣ್ಣು ಇನ್ನೂ ಹತ್ರ ಹೋಗತ್ತೆ, ಹುಬ್ಬು ಸೀಳೋದು ಅಲ್ಲೇ.

ತೆಳುನಳಿಗೆ:
ಎಲ್ರಿಗೂ ವರದಿ ಕೊಡ್ತಿದ್ದೀನಿ. ತಂತಿ ಹಾಕಿ ನೋಡಿದೆ, ಹಳೇ ಕೇಸ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿಯವುಗಳಲ್ಲಿ ಆ ತೋಡು ಸಿಕ್ತು, ಎಲ್ಲ ಜಜ್ಜಿ ಎಸೆದೆ. ಹೊಸ ಹಿತ್ತಾಳೆ, 150 ಗ್ರೇನ್ ತಾಮ್ರದ ಗುಂಡು, ಮ್ಯಾನ್ಯುಯಲ್ ಪಟ್ಟಿಯಲ್ಲಿ ಬೇಗ ಉರಿಯೋ ಪೌಡರ್, ಸ್ಟಾರ್ಟಿಂಗ್‌ನಿಂದ ಸ್ವಲ್ಪ ಮೇಲೆ ನಿಂತಿದ್ದೀನಿ. ಕ್ರೋನೋಗ್ರಾಫ್‌ನಲ್ಲಿ (ಗುಂಡಿನ ವೇಗ ಅಳೆಯೋ ಯಂತ್ರ) 2880ರ ಹತ್ರ ತೋರಿಸ್ತಿದೆ. ವ್ಯತ್ಯಾಸ ಹೇಳೋಕೇ ಆಗಲ್ಲ, ಹೊಡೆದ ಮೇಲೂ ಸ್ಕೋಪ್‌ನಲ್ಲಿ ಟಾರ್ಗೆಟ್ ಕಾಣ್ತಿದೆ, ಮೊದಲು ಆಕಾಶ ಕಾಣ್ತಿತ್ತು. ಸ್ನ್ಯಾಪ್ ಕ್ಯಾಪ್ ಪರೀಕ್ಷೆಯಲ್ಲಿ ಮೊದಲು ನಳಿಗೆ ಮುಗ್ಗರಿಸ್ತಿತ್ತು, ಈಗ ಬಹಳ ಕಮ್ಮಿ. ಮಾರ್ಕರ್ ಗೆರೆ ಇದ್ದ ಜಾಗದಲ್ಲೇ ಇದೆ.

ಎರಡು ಪ್ರಶ್ನೆ ಉಳಿದಿದೆ. ಬೋಲ್ಟ್ ಎತ್ತೋವಾಗ ಯಾವ ಬಿಗಿನೂ ಇಲ್ಲ, ಪ್ರೈಮರ್ ಅಂಚು ದುಂಡಗೇ ಇದೆ, ಹಾಗಾದ್ರೆ ಇನ್ನೂ ಮೇಲೆ ಹೋಗೋಕೆ ಜಾಗ ಇದೆ ಅಂತ ಅರ್ಥಾನಾ? ಮತ್ತೆ ಹಳೇ 180 ಗ್ರೇನ್ ಲೋಡ್ ಒಂದಿಷ್ಟು ಉಳಿದಿದೆ, ಅದನ್ನ ಏನು ಮಾಡ್ಲಿ?

ಹಿತ್ತಾಳೆಮನೆ:
ಜಾಗ ಇದೆ, ಆದ್ರೆ ಹೋಗೋ ಅಗತ್ಯ ಏನಿದೆ? ನಿಮಗೆ ಬೇಕಾದ ವೇಗ ಸಿಕ್ಕಿದೆ. ಪ್ರೈಮರ್ ನೋಡಿ ಒತ್ತಡ ಹೇಳೋದು ನಂಬೋ ಹಾಗಿಲ್ಲ. ಸಾಮಿ ಮಿತಿ ಈ ತೋಟಾಕ್ಕೆ 64,000 ಪಿಎಸ್‌ಐ, ಬೋಲ್ಟ್ ಬಿಗಿ ಆಗೋದು, ಕೇಸ್ ತಳದಲ್ಲಿ ಎಜೆಕ್ಟರ್ (ಖಾಲಿ ಕೇಸ್ ಹೊರಗೆ ತಳ್ಳೋ ಪಿನ್) ಗುರುತು ಬೀಳೋದು ಎಲ್ಲ ಬಹಳ ಸಲ ಆ ಮಿತಿ ದಾಟಿದ ಮೇಲೇ ಕಾಣಿಸೋದು. ನಮ್ಮ ಹತ್ರ ಇರೋ ಒಳ್ಳೇ ಸಾಕ್ಷಿ ಕ್ರೋನೋಗ್ರಾಫ್. ಮ್ಯಾನ್ಯುಯಲ್ ಅದೇ ಚಾರ್ಜ್‌ಗೆ ಹೇಳಿದ ವೇಗಕ್ಕಿಂತ ಜಾಸ್ತಿ ಬರ್ತಿದ್ರೆ ಒತ್ತಡಾನೂ ಜಾಸ್ತಿ ಅಂತಾನೇ ತಿಳೀರಿ. ಅವರ ಟೆಸ್ಟ್ ಬ್ಯಾರೆಲ್ ಎಷ್ಟು ಉದ್ದ ಅಂತ ಪುಟದ ಮೇಲೆ ಬರೆದಿರತ್ತೆ, ನಿಮ್ಮದು ಗಿಡ್ಡ ಇದ್ರೆ ಇಂಚಿಗೆ ಇಪ್ಪತ್ತೈದು ಎಫ್‌ಪಿಎಸ್ ಅಂದಾಜು ಕಳೆದು ಹೋಲಿಸಿ. ತೋಟಾನ ಬಿಸಿಲಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡ್ಬೇಡಿ, ಕೆಲವು ಪೌಡರ್ ಬಿಸಿಗೆ ಒತ್ತಡ ಏರಿಸತ್ತೆ.

ಹಳೇ 180 ಲೋಡ್ ತುಂಬಿರೋ ಕೇಸ್‌ಗಳೂ ಅದೇ ಮೂರ್ನಾಲ್ಕು ಸಲ ಎಳೆದವು ತಾನೇ? ಹೊಡೀಬೇಡಿ. ಪುಲ್ಲರ್‌ನಲ್ಲಿ (ಗುಂಡು ಕೀಳೋ ಸಾಧನ) ಬಿಚ್ಚಿ, ಗುಂಡನ್ನ ಸುತ್ತಲೂ ಹಿಡಿಯೋ ಕೊಲೆಟ್ ಥರದ್ದಾದ್ರೆ ಗುಂಡಿಗೂ ಪೆಟ್ಟಾಗಲ್ಲ, ಗುಂಡು ಮತ್ತೆ ಬಳಸಬಹುದು. ಕೇಸ್ ತಂತಿ ಪರೀಕ್ಷೆಗೆ. ಪೌಡರ್‌ನ ಮಾತ್ರ, ಆ ತೋಟಾ ಡಬ್ಬದ ಮೇಲೆ ಯಾವ ಪೌಡರ್ ಅಂತ ನೀವೇ ಬರೆದ ಚೀಟಿ ಇದ್ರೆ ಸರಿ, ಇಲ್ಲಾಂದ್ರೆ ಯಾವ ಡಬ್ಬಕ್ಕೂ ವಾಪಸ್ ಸುರೀಬೇಡಿ, ನೋಡೋಕೆ ಒಂದೇ ಥರ ಕಾಣೋ ಪೌಡರ್ ಬಹಳ ಇವೆ. ಬಿಚ್ಚೋ ದಿನ ಬೆಂಚ್ ಮೇಲೆ ಹೊಸ ಪೌಡರ್ ಡಬ್ಬ ಇರಲೇಬಾರದು, ಅದನ್ನ ಬೀರುವಿನಲ್ಲಿ ಇಟ್ಟು ಆಮೇಲೆ ಶುರು ಮಾಡಿ.